ಮಳೆಗಾಲಕ್ಕೆ ಕಟ್ಟಿಹಾಕಿದ ಸೇತುವೆ

ನನಗೆ ಬಯಲೆಂದರೆ ಅಷ್ಟಕ್ಕಷ್ಟೆ. ಬಿಸಿಲಿಗೆ ಹೋದರೆ ತಲೆನೋವು, ಮರದ ಕೆಳಗೆ ಕೂತರೆ ಮೇಲಿಂದ ಏನಾದರೂ ಬೀಳುತ್ತದೆ, ರಕ್ತ ಹೀರುವ ಇಂಬಳ ಕಂಡರಂತೂ ಜೀವ ಬಾಯಿಗೆ ಬರುತ್ತದೆ. ಇಂಥ ನಾನು ಧಾರವಾಡದಲ್ಲಿ ಓದಿ, ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ಗೋವಾಕ್ಕೆ ಬಂದು, ಸಾಂಗೆಯ ಆಚೆ ಕಾಡಿನ ಅಂಚಿನಲ್ಲಿದ್ದ ಒಂದು ಹೊರಾಂಗಣ ಶಿಕ್ಷಣ ಕೇಂದ್ರದ ಆಫೀಸಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆ. ಅಲ್ಲಿದ್ದಷ್ಟು ಕಾಲ ಒಂದು ಬಂಡೆ ಹತ್ತಲಿಲ್ಲ, ಒಂದು ಡೇರೆಯೊಳಗೆ ಮಲಗಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೇರೆಯವರು ಬಯಲಿನಲ್ಲಿ ಪಡುವ ಪಾಡನ್ನು ನೋಡುತ್ತಿದ್ದೆ. ಅದೂ ಒಂದು ಬಗೆಯ ಶಿಕ್ಷಣವೇ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ನಮ್ಮ ಕೇಂದ್ರಕ್ಕೆ ಎರಡೇ ಋತು: ಮಕ್ಕಳಿರುವುದು, ಮಕ್ಕಳಿಲ್ಲದಿರುವುದು. ದಸರೆ ಮುಗಿಯುತ್ತಿದ್ದಂತೆ ಊರೂರಿನ ಶಾಲೆಗಳ ಬಸ್ಸುಗಳು ಬರಲು ಶುರುವಾದರೆ ಬೇಸಿಗೆಯ ಬಾಗಿಲವರೆಗೆ ಗದ್ದಲವೋ ಗದ್ದಲ. ಆಮೇಲೆ ಸುಧಾರಣೆಯ ಕಾಲ. ಮಕ್ಕಳು ಹೋಗುವಾಗ ಏನು ಬೇಕಿತ್ತು ಎಂದು ಹೇಳಿ ಹೋಗುತ್ತಿದ್ದರು, ಅದನ್ನು ನಾವು ಮಳೆ ಬರುವುದರೊಳಗೆ ಮಾಡಿ ಮುಗಿಸಬೇಕು. ಒಂದು ವರ್ಷ ಡೇರೆಗಳ ಕೆಳಗೆ ಕಟ್ಟೆ ಕಟ್ಟಿದೆವು, ಇನ್ನೊಂದು ವರ್ಷ ಸೊಳ್ಳೆ ಪರದೆ ಬಂತು, ಮತ್ತೊಂದು ವರ್ಷ ಬಿಸಿನೀರು. ಮನುಷ್ಯ ಗುಹೆಯಿಂದ ಮನೆಗೆ ಬರಲು ಎಷ್ಟೋ ಸಾವಿರ ವರ್ಷ ತೆಗೆದುಕೊಂಡನಂತೆ. ಆ ದಾರಿಯನ್ನು ನಾವು ಕೆಲವೇ ಬೇಸಿಗೆಗಳಲ್ಲಿ ಕ್ರಮಿಸಿದೆವು.

ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು, ಆ ಸಲದ ಸುಧಾರಣೆ ಸೇತುವೆ. ರಸ್ತೆಗೂ ನಮ್ಮ ಕೇಂದ್ರಕ್ಕೂ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಚಳಿಗಾಲದಲ್ಲಿ ಮೊಣಕಾಲುದ್ದ ನೀರು, ಮಕ್ಕಳು ಚೀಲ ತಲೆಯ ಮೇಲಿಟ್ಟುಕೊಂಡು ಕೇಕೆ ಹಾಕುತ್ತ ದಾಟುತ್ತಿದ್ದರು. ಮಳೆಗಾಲದಲ್ಲಿ ಅದರ ಅವತಾರವೇ ಬೇರೆ. ಆಗ ಸಿಬ್ಬಂದಿಯೆಲ್ಲ ಲಾರಿಯ ಟ್ಯೂಬಿನೊಳಗೆ ಕೂತು, ಹಗ್ಗದಿಂದ ಎಳೆಸಿಕೊಂಡು ಆಚೆ ದಡ ಸೇರಬೇಕು. ಕೊಡೆ, ಊಟದ ಡಬ್ಬಿ ಎರಡನ್ನೂ ಎದೆಗವಚಿಕೊಂಡು ನಾನು ಟ್ಯೂಬಿನಲ್ಲಿ ಗಿರಗಿರ ತಿರುಗುತ್ತ ಕೆಲಸಕ್ಕೆ ಬರುವುದನ್ನು ನಮ್ಮ ತವರಿನವರು ಯಾರೂ ನೋಡಲಿಲ್ಲ ಎನ್ನುವುದೊಂದೇ ಸಮಾಧಾನ.

ನಮ್ಮ ನಿರ್ದೇಶಕ ಸಾವಿಯೋ ಸಾಹೇಬರು ಬೆಟ್ಟ ಹತ್ತಿ ಇಳಿದು ಅರ್ಧ ಆಯುಷ್ಯ ಕಳೆದವರು. ಅವರು ಸೇತುವೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ಅದು ಅಲುಗಾಡಬೇಕು. ಹಗ್ಗ ಮತ್ತು ಹಲಗೆಯ ತೂಗುಸೇತುವೆ, ಕಾಲಿಟ್ಟರೆ ಎದೆ ಧಸಕ್ಕೆನ್ನಬೇಕು, ಇಲ್ಲದಿದ್ದರೆ ಮಕ್ಕಳು ಇಲ್ಲಿಗೆ ಬಂದು ಕಲಿಯುವುದೇನು ಎಂಬುದು ಅವರ ವಾದ. ಸುಖವಾಗಿ ಬೆಳೆದವರಿಗೆ ಭಯವೂ ಒಂದು ತಿಂಡಿ. ದುಡ್ಡು ಕೊಟ್ಟು ಸ್ವಲ್ಪ ತಿಂದು, ಬಾಯೊರೆಸಿಕೊಂಡು ಮನೆಗೆ ಹೋಗಬಹುದು. ಪುಕ್ಕಟೆ ಸಿಗುವ ಭಯದ ಸಂಗತಿ ಬೇರೆ. ಅದನ್ನು ಅರಿತವಳು ನಮ್ಮ ಅಡುಗೆಯ ಕಾಶವ್ವ.

ಕಾಶವ್ವ ವಿಜಾಪುರದ ಕಡೆಯವಳು. ಗಂಡ ನಮ್ಮಲ್ಲೇ ಕಾವಲುಗಾರ. ಇಬ್ಬರೂ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ್ದರು. ಒಬ್ಬಳೇ ಮಗಳು ರೇಣುಕಾಳನ್ನು ಗೋವಾದಲ್ಲೇ, ಮಡ್ಕಯಿಯಲ್ಲಿ ನಮ್ಮ ಕಡೆಯವರ ಮನೆಗೇ ಕೊಟ್ಟಿದ್ದರು. ಆ ಹುಡುಗಿ ಈಗ ಬಸುರಿ. ಸೇತುವೆಯ ಸುದ್ದಿ ಕೇಳಿದ ದಿನ ಕಾಶವ್ವ ಹಿಟ್ಟಿನ ಕೈಯಲ್ಲೇ ಆಫೀಸಿಗೆ ಓಡಿ ಬಂದಳು.

“ಅಕ್ಕಾರ, ಸೇತುವಿ ಆತಂದ್ರ ರೇಣುಕಾನ ಚೊಚ್ಚಲ ಬಾಣಂತನ ಇಲ್ಲೇ ಮಾಡ್ತೇನ್ರಿ. ಮಳಿಗಾಲದಾಗ ಹಳ್ಳ ದಾಟೂದು ಹೆಂಗ ಅಂತ ಬೀಗತಿ ಕಳಸೂದಿಲ್ಲ ಅಂದಿದ್ಲು. ಊರಾಗ ನಮ್ಮದು ಅಂತ ಮನಿ ಉಳಿದಿಲ್ರಿ. ನನ್ನ ಮಗಳಿಗೆ ತವರು ಅಂದ್ರ ಇದ ಅಲ್ರಿ?”

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮ ಕಡೆ ಇದನ್ನು ಯಾರೂ ಕಾನೂನು ಎಂದು ಬರೆದಿಟ್ಟಿಲ್ಲ, ಬರೆದಿಟ್ಟ ಕಾನೂನನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರೂ ಇಲ್ಲ. ಮಗಳ ಬಾಣಂತನ ಮಾಡದ ತಾಯಿ ಆ ಮಾತನ್ನು ಜೀವನಪೂರ್ತಿ ಕೇಳಬೇಕಾಗುತ್ತದೆ, ಬೇರೆಯವರು ಆಡದಿದ್ದರೆ ತಾನೇ ಆಡಿಕೊಳ್ಳುತ್ತಾಳೆ. ಗೋವಾದವರು ಮಳೆಗಾಲಕ್ಕೆಂದು ಒಣಮೀನು, ಹುಣಸೆ, ಮೆಣಸಿನಕಾಯಿ ಕೂಡಿಡುವ ದಿನಗಳಲ್ಲಿ ಕಾಶವ್ವ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಡತೊಡಗಿದಳು. ಸಾಹಸ ಶಿಬಿರದ ಉಗ್ರಾಣದಲ್ಲಿ ಜೀವರಕ್ಷಕ ಜಾಕೆಟ್ಟುಗಳ ಪಕ್ಕ ಬಾಣಂತಿಗೆ ಕೊಡುವ ಅಂಟಿನುಂಡೆಯ ಸಾಮಾನು ಕೂತಿತು.

ಏಪ್ರಿಲಿನಲ್ಲಿ ಸೇತುವೆ ಸಿದ್ಧವಾಯಿತು. ಸಾಹೇಬರು ಬಯಸಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಅಲುಗಾಡುತ್ತಿತ್ತು. ಒಂದು ಭಾನುವಾರ ಬೀಗತಿ ಗಂಗವ್ವ ಅದನ್ನು ನೋಡಲು ಬಂದಳು. ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸು, ದಿನವಿಡೀ ನಿಂತೇ ದುಡಿಯುವವಳು, ಬೆನ್ನು ಕಂಬದ ಹಾಗೆ ನೆಟ್ಟಗೆ. ಆಚೆ ದಡದಲ್ಲಿ ನಿಂತು ಒಂದು ಕಾಲು ಹಲಗೆಯ ಮೇಲಿಟ್ಟಳು. ಸೇತುವೆ ಸೊಂಟ ತಿರುಗಿಸಿತು. ಕಾಲು ಹಿಂದೆ ತೆಗೆದುಕೊಂಡಳು.

“ಬಸರ ಹೆಂಗಸು ಇದನ್ನ ಹೆಂಗ ದಾಟಬೇಕು? ಜೋಕಾಲಿ ಆಡಾಕ ಪಂಚಮಿ ಐತಲ್ಲ,” ಎಂದು ಅಲ್ಲಿಂದಲೇ ಕೂಗಿದಳು. “ರೇಣುಕಾನ್ನ ಕಳಸೂದಿಲ್ಲವ್ವ. ಬಾಣಂತನ ನಾನ ಮಾಡ್ತೇನಿ.”

ಚಹಾ ಕೂಡ ಕುಡಿಯದೆ ಬಂದ ದಾರಿಯಲ್ಲೇ ಹೊರಟು ಹೋದಳು. ಕಾಶವ್ವ ಈಚೆ ದಡದಲ್ಲಿ ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತೇ ಇದ್ದಳು. ಯಾವುದಕ್ಕೂ ಹೆಚ್ಚು ಹಚ್ಚಿಕೊಳ್ಳುವ ಸ್ವಭಾವ ನನ್ನದಲ್ಲ, ಆದರೂ ಅವತ್ತು ನನಗೆ ಕೆಟ್ಟೆನಿಸಿತು.

ಕಾಶವ್ವ ಅಳಲಿಲ್ಲ. ಮರುದಿನ ಸಾಹೇಬರ ಎದುರು ಹೋಗಿ ನಿಂತಳು. ಕೊಂಕಣಿ, ಹಿಂದಿ, ವಿಜಾಪುರದ ಕನ್ನಡ ಮೂರನ್ನೂ ಕಲಸಿ ಅವಳು ಹೇಳಿದ್ದರ ಸಾರಾಂಶ ಇಷ್ಟು: ಮಕ್ಕಳು ಬರುವುದು ದಸರೆಯ ಮೇಲೆ, ಅಲ್ಲಿಯವರೆಗೆ ಈ ಸೇತುವೆ ಯಾರನ್ನು ಹೆದರಿಸಬೇಕಾಗಿದೆ? ಮಳೆಗಾಲಕ್ಕೆ ಅದನ್ನು ಕಟ್ಟಿಹಾಕಿ, ಮಕ್ಕಳು ಬಂದಾಗ ಬಿಚ್ಚಿ ಬಿಡಿ, ಬೇಕಾದಷ್ಟು ಕುಣಿಯಲಿ.

ದನವನ್ನು ಗೂಟಕ್ಕೆ ಕಟ್ಟುವ ಮಾತಿನ ಹಾಗೆ ಕೇಳಿಸಿ ನನಗೆ ನಗು ಬಂತು. ಸಾಹೇಬರು ನಗಲಿಲ್ಲ. ಅವರು ಎದ್ದು ಹಳ್ಳದ ಕಡೆ ನಡೆದೇಬಿಟ್ಟರು. ಒಂದು ವಾರದಲ್ಲಿ ಸೇತುವೆಯ ಎರಡೂ ಮಗ್ಗುಲಿಗೆ ಉಕ್ಕಿನ ತಂತಿಗಳು ಬಂದವು, ನಾಲ್ಕು ದಿಕ್ಕಿನ ಮರಗಳಿಗೆ ಬಿಗಿದವು, ಹಲಗೆಗಳ ಸಂದುಗಳು ಮುಚ್ಚಿದವು. ಬೇಕೆಂದಾಗ ಬಿಗಿಯುವ, ಬೇಡವೆಂದಾಗ ಸಡಿಲಿಸುವ ವ್ಯವಸ್ಥೆ. ವರ್ಷದಲ್ಲಿ ಸ್ವಲ್ಪ ಕಾಲ ತವರಿನ ದಾರಿ, ಉಳಿದ ಕಾಲ ಸಾಹಸ. ಅಷ್ಟು ವರ್ಷಗಳಲ್ಲಿ ನಮ್ಮ ಕೇಂದ್ರದ ಸುಧಾರಣೆಯೊಂದು ಮಕ್ಕಳಿಲ್ಲದ ಋತುವಿಗಾಗಿ ಆದದ್ದು ಅದೇ ಮೊದಲು.

ಗಂಗವ್ವನನ್ನು ಮತ್ತೆ ಕರೆಸಿದರು. ಅವಳು ಹೆಣ್ಣು ನೋಡಲು ಬಂದವರಂತೆ ಸೇತುವೆಯನ್ನು ಮೇಲಿಂದ ಕೆಳಗೆ ನೋಡಿದಳು. ನಡುಮಧ್ಯ ಬಂದು ಎರಡು ಸಲ ಕಾಲು ಅಪ್ಪಳಿಸಿದಳು. ಏನೂ ಆಗಲಿಲ್ಲ.

“ಚಲೋ ಐತಿ,” ಎಂದಳು ಗಂಗವ್ವ. ಆಮೇಲೆ, ಈಚೆ ಬರುವ ಬದಲು, “ಸ್ವಲ್ಪ ಕುಂಡ್ರತೇನಿ ತಡಿ,” ಎಂದು ಅಲ್ಲೇ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತುಬಿಟ್ಟಳು. ಕೆಳಗೆ ನೀರು ಹರಿಯುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು. ಕಾಶವ್ವ ಕಾಯಿಸಿದ ಚಹಾ ಮತ್ತೆ ಕಾಯಿಸಬೇಕಾಯಿತು.

ಸೀಮಂತದ ಕುಬಸ ಮುಗಿಸಿ ಮೇ ತಿಂಗಳಲ್ಲಿ ರೇಣುಕಾ ಬಂದಳು. ಜೂನ್ ಕೊನೆಯಲ್ಲಿ, ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿದ್ದ ಒಂದು ಮಧ್ಯಾಹ್ನ ನೋವು ಶುರುವಾಯಿತು. ಆಚೆ ದಡಕ್ಕೆ ಜೀಪು ಬಂದು ನಿಂತಿತ್ತು. ತಾಯಿಯ ಹೆಗಲು ಹಿಡಿದು ಆ ಹುಡುಗಿ ಮಳೆಯಲ್ಲಿ ಸೇತುವೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆದು ಹೋದಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವರು ಆಚೆ ಮುಟ್ಟುವವರೆಗೆ ನನ್ನ ಉಗುರುಗಳು ಚೌಕಟ್ಟನ್ನು ಕಚ್ಚಿ ಹಿಡಿದಿದ್ದವು. ಸುಖವಾಗಿ ಹೆರಿಗೆಯಾಯಿತು, ಹೆಣ್ಣುಮಗು. ಆಸ್ಪತ್ರೆಯಿಂದ ಅದೇ ಸೇತುವೆಯ ಮೇಲೆ ಮಗು ಅಜ್ಜಿಯ ಮನೆಗೆ ಬಂತು. ಮಳೆಗಾಲವಿಡೀ ನಮ್ಮ ಆಫೀಸು ಸಾಂಬ್ರಾಣಿ ಹೊಗೆಯಿಂದ ಘಮಘಮಿಸಿತು.

ಗಂಗವ್ವ ಪ್ರತಿ ಭಾನುವಾರ ಸೊಸೆಯನ್ನೂ ಮೊಮ್ಮಗಳನ್ನೂ ನೋಡಲು ಬರುತ್ತಿದ್ದಳು. ನೋಡುವುದು ಬೇಗ ಮುಗಿಯುತ್ತಿತ್ತು. ಆಮೇಲೆ ಕೊಡೆ ಬಿಚ್ಚಿಕೊಂಡು ಸೇತುವೆಯ ನಡುವೆ ಹೋಗಿ ಕೂರುತ್ತಿದ್ದಳು, ಕೊನೆಯ ಬಸ್ಸಿನ ಹೊತ್ತಾಗುವವರೆಗೆ. ಯಾಕೆಂದು ಯಾರೂ ಕೇಳಲಿಲ್ಲ. ಬೀಗತಿಯನ್ನು ಅಂಥದ್ದೆಲ್ಲ ಕೇಳುವ ಹಾಗಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಗಂಡನ ಮನೆಯವರು ಬಂದು ತಾಯಿಯನ್ನೂ ಮಗುವನ್ನೂ ಮಡ್ಕಯಿಗೆ ಕರೆದುಕೊಂಡು ಹೋದರು. ದಸರೆ ಬಂತು. ಸಾಹೇಬರು ತಂತಿಗಳನ್ನು ಸಡಿಲಿಸಿದರು. ಮೊದಲ ಶಾಲೆಯ ಮಕ್ಕಳು ಬಂದು ಸೇತುವೆಯ ಮೇಲೆ ಕಿರುಚಾಡಿ ಕುಣಿದಾಡಿದರು. ಈ ಮಕ್ಕಳೆಲ್ಲ ಬರುವುದಕ್ಕೆ ಒಂದೊಂದು ಕಾರಣವಿರುತ್ತಿತ್ತು: ಧೈರ್ಯ ಬರಲಿ, ಶಿಸ್ತು ಬರಲಿ, ನಾಯಕತ್ವ ಬರಲಿ. ಏನೂ ಬರದಿದ್ದರೂ ನಡೆಯುತ್ತದೆ ಎಂದು ಹೇಳಿ ಮಕ್ಕಳನ್ನು ಕಳಿಸಿದ ಒಬ್ಬ ತಂದೆಯನ್ನೂ ನಾನು ಕಾಣೆ.

ಆ ಭಾನುವಾರ ಆಚೆ ದಡದಲ್ಲಿ ಗಂಗವ್ವ ಕಾಣಿಸಿಕೊಂಡಳು. ಸೊಸೆ ಅವಳ ಮನೆಯಲ್ಲೇ ಇದ್ದಳು, ಮಗುವೂ ಅಲ್ಲೇ. ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ತೂಗಾಡುವ ಸೇತುವೆಯ ನಡುವಿನವರೆಗೆ ಬಂದು ಮೆಲ್ಲಗೆ ಕೂತಳು. ಮಕ್ಕಳು ಅವಳನ್ನು ಬಳಸಿಕೊಂಡು ದಾಟುತ್ತಿದ್ದರು. ಈ ಅಜ್ಜಿಯೂ ಚಟುವಟಿಕೆಯ ಭಾಗವೇ ಎಂದು ಒಬ್ಬ ಹುಡುಗಿ ಕೇಳಿದಳು, ಸಾಹೇಬರು ಹೌದು ಅಂದರು.

ಕಾಶವ್ವ ಗಾಬರಿಯಿಂದ ಓಡಿ ಬಂದಳು. “ಏನಾತ್ರಿ ಬೀಗತ್ಯಾರ? ಕೂಸು ಆರಾಮ ಐತಿಲ್ಲೋ?”

“ಎಲ್ಲಾರೂ ಆರಾಮ ಅದಾರವ್ವ,” ಎಂದಳು ಗಂಗವ್ವ, ನೀರಿನಿಂದ ಕಣ್ಣು ತೆಗೆಯದೆ. “ಏನಿಲ್ಲ. ಸುಮ್ನ ಬಂದೆ.”

ಕಾಶವ್ವ ಒಳಗೆ ಹೋಗಿ ಎರಡು ಲೋಟ ಚಹಾ ತಂದಳು. ಒಂದನ್ನು ಬೀಗತಿಯ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತಳು. ಬೀಗತಿಯರಿಬ್ಬರು ಹಾಗೆ ಸಮಸಮ ಕೂತದ್ದನ್ನು ನಾನು ನಮ್ಮ ಕಡೆ ಯಾವ ಮದುವೆಯಲ್ಲೂ ಕಂಡಿಲ್ಲ. ಅವತ್ತು ನನ್ನ ಚಹಾ ಬಹಳ ತಡವಾಗಿ ಬಂತು, ನಾನು ಕರೆಯಲಿಲ್ಲ.