ಒಂದು ಅಡ್ಡಹೆಸರಿನ ನಕ್ಷೆ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ಅಮೆರಿಕದ ರಾಜಧಾನಿಯ ಪಕ್ಕದ ರಾಕ್‌ವಿಲ್‌ನ ಒಂದು ಟೌನ್‌ಹೌಸಿನಲ್ಲಿದ್ದೆವು. ನನ್ನ ಗಂಡ ನೀರು ಸರಬರಾಜಿನ ಎಂಜಿನಿಯರ್. ಅವರ ವೀಸಾಕ್ಕೆ ಅಂಟಿಕೊಂಡು ಬಂದ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಮಾಡಿ, ನಕ್ಷೆ ಬರೆಯುವುದರಲ್ಲಿ ಇಡೀ ತರಗತಿಗೆ ಮೊದಲಿಗಳೆನಿಸಿಕೊಂಡಿದ್ದವಳು ನಾನು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ "ನೀವೇನ್ ಮಾಡ್ತಿದೀರಾ? ಕಂಪ್ಯೂಟರ್ ಕೋರ್ಸ್ ಏನಾದ್ರೂ ಜಾಯಿನ್ ಆಗಿ, ಬೇಗ ಜಾಬ್ ಸಿಗತ್ತೆ" ಎಂದರೆ, ಅವರ ಪಲಾವಿಗೆ ಏನು ಹಾಕಿದ್ದಾರೆಂದು ಕೇಳಿ ಮಾತು ತಿರುಗಿಸುತ್ತಿದ್ದೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಒಬ್ಬರೇ ಇದ್ದರು. ಎದುರಿಗೆ ಮಿಸೆಸ್ ಸೇರಿಸಿ ಕರೆಯುತ್ತಿದ್ದೆವು. ನಮ್ಮನಮ್ಮಲ್ಲಿ ಮಾತಾಡುವಾಗ ಅವರು "ಬಾಜೂಮನಿ ಅಜ್ಜಿ". ಒಂದು ವಸಂತದಲ್ಲಿ ತಮ್ಮಲ್ಲಿ ಹೆಚ್ಚಾದ ಟೊಮ್ಯಾಟೊ ಸಸಿಗಳನ್ನು ನಮಗೆ ಕೊಡಲು ಬಂದವರು, ಹಾಲ್‌ನ ಗೋಡೆಯ ಮುಂದೆ ನಿಂತುಬಿಟ್ಟರು. ಅಲ್ಲಿ ನನ್ನ ಎಂ.ಎ. ಕಾಲದ ನಕ್ಷೆಯೊಂದು ಇತ್ತು: ಘಟಪ್ರಭಾ ದಂಡೆಯಲ್ಲಿ ಕಬ್ಬು ಬೆಳೆಯುವ ಊರುಗಳು, ಚುಕ್ಕಿಗಳಲ್ಲಿ.

"ಇದನ್ನ ಯಾರು ಬರೆದದ್ದು?"

"ನಾನೇ."

"ಕೈಯಲ್ಲೇ?" ಅಜ್ಜಿ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. "ಹಾಗಾದರೆ ನನ್ನ ಹೆಸರಿನದೂ ಒಂದು ಬರೆದುಕೊಡ್ತೀಯಾ?"

ಅವರು ಹೇಳಿದ ಹೆಸರು ಗಂಡನ ಮನೆಯದಲ್ಲ, ತವರಿನದು. ಮನೆತನದ ಹೆಸರಿಗೆ ನಮ್ಮ ಕಡೆ ಅಡ್ಡಹೆಸರು ಎನ್ನುತ್ತೇವಲ್ಲ, ಅದು. ಇಟಾಲಿಯನ್ ಹೆಸರು, ಇಲ್ಲಿ ಬರೆಯುವುದಿಲ್ಲ, ಅರ್ಥ ಹೇಳಿದರೆ ಸಾಕು: ಕಮ್ಮಾರ. ಆದರೆ ಅಜ್ಜಿ ಹುಟ್ಟಿದ್ದು ಇಟಲಿಯಲ್ಲಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ, ಕಲ್ಲಿದ್ದಲ ಗಣಿಗಳ ಒಂದು ಕಣಿವೆಯಲ್ಲಿ, ಅಪ್ಪನ ಕೆಫೆಯ ಮೇಲಿನ ಕೋಣೆಯಲ್ಲಿ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಶುಂಠಿ ಚಹಾ ಕುಡಿಯುತ್ತ ಅವರು ಎಲ್ಲವನ್ನೂ ಹೇಳಿದರು. ಉತ್ತರ ಇಟಲಿಯ ಗುಡ್ಡದ ಮೇಲಿನ ಒಂದು ಊರಿನಿಂದ ಒಬ್ಬ ಮೊದಲು ವೇಲ್ಸ್‌ಗೆ ಹೋದನಂತೆ. ಗಣಿಯಿಂದ ಮೈಯೆಲ್ಲ ಮಸಿಯಾಗಿ ಬರುವವರಿಗೆ ಬಿಸಿಬಿಸಿ ಕುಡಿಯಲು ಕೊಟ್ಟ, ಬೇಸಿಗೆಯಲ್ಲಿ ಐಸ್‌ಕ್ರೀಮ್ ಮಾರಿದ. ಭಾನುವಾರ ಮಿಕ್ಕವರೆಲ್ಲ ಬಾಗಿಲು ಹಾಕಿದಾಗ ಇವನದು ತೆರೆದಿರುತ್ತಿತ್ತು. ವ್ಯಾಪಾರ ಕೈಹಿಡಿದ ಮೇಲೆ ಊರಿನವರನ್ನು ಒಬ್ಬೊಬ್ಬರನ್ನಾಗಿ ಕರೆಸಿಕೊಂಡ. ಹಾಗೆ ಬಂದವರಲ್ಲಿ ಅಜ್ಜಿಯ ಅಪ್ಪ ಮತ್ತು ಅಪ್ಪನ ತಮ್ಮ ಇಬ್ಬರೂ ಇದ್ದರು. ಅಣ್ಣತಮ್ಮಂದಿರು ಒಂದೇ ಕೆಫೆ ನಡೆಸಿದರು. ಒಂದು ದಿನ ಏನೋ ಮಾತಿಗೆ ಮಾತು ಬೆಳೆಯಿತು. ತಮ್ಮ ಚೀಲ ಹೆಗಲಿಗೇರಿಸಿ ಸ್ಕಾಟ್‌ಲೆಂಡಿನ ಕಡೆ ಹೋದವನು ಮತ್ತೆ ಬರಲಿಲ್ಲ.

"ಆಮೇಲೆ ಯುದ್ಧ ಬಂತು," ಎಂದರು ಅಜ್ಜಿ. "ಇಟಲಿ ಶತ್ರು ಆಯ್ತು. ನಮ್ಮ ಹತ್ರ ದಿನಾ ಚಹಾ ಕುಡಿದವರೇ ಕಿಟಕಿಗೆ ಕಲ್ಲು ಹೊಡೆದರು. ಪೊಲೀಸರು ಅಪ್ಪನನ್ನ ಕರಕೊಂಡು ಹೋಗಿ ಒಂದು ದ್ವೀಪದಲ್ಲಿ ಇಟ್ಟರು. ಅಪ್ಪ ಏನೋ ವಾಪಸ್ ಬಂದ. ಅವನ ಹಾಗೆ ಹಿಡಿದವರನ್ನ ತುಂಬಿಕೊಂಡು ಕೆನಡಾಕ್ಕೆ ಹೊರಟ ಒಂದು ಹಡಗು ಸಮುದ್ರದಲ್ಲೇ ಮುಳುಗಿಹೋಯ್ತು. ನಮ್ಮ ಚಿಕ್ಕಪ್ಪನೂ ಅದರಲ್ಲಿ ಇದ್ದನೇನೋ ಅಂತ ಅಪ್ಪ ಸಾಯೋವರೆಗೂ ಒಳಗೊಳಗೇ ಕೊರಗಿದ. ಯಾರ ಹತ್ರಾನೂ ಕೇಳೋಕೆ ಅವನಿಗೆ ಧೈರ್ಯ ಬರಲಿಲ್ಲ."

ವೇಲ್ಸ್‌ನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕನೊಬ್ಬನನ್ನು ಮದುವೆಯಾಗಿ ಅಜ್ಜಿ ಈ ದೇಶಕ್ಕೆ ಬಂದಿದ್ದರು. ಈಗ ಮಗ ನಾರ್ತ್ ಕ್ಯಾರೊಲೈನಾದಲ್ಲಿ, ಮೊಮ್ಮಗಳು ಅಟ್ಲಾಂಟಾದಲ್ಲಿ. ಮುಂದಿನ ಬೇಸಿಗೆಯಲ್ಲಿ ಮಗ ತಾಯಿಯ ತವರಿನವರನ್ನೆಲ್ಲ ಒಂದುಕಡೆ ಸೇರಿಸುವುದೆಂದು ಮಾಡಿದ್ದ. ಅಲ್ಲಿ ಗೋಡೆಗೆ ಹಾಕಲು ಅಜ್ಜಿಗೆ ಒಂದು ನಕ್ಷೆ ಬೇಕಾಗಿತ್ತು: ಬ್ರಿಟನ್ನಿನಲ್ಲಿ ತಮ್ಮ ಹೆಸರಿನವರು ಎಲ್ಲೆಲ್ಲಿ ಹರಡಿದ್ದಾರೆ? ಚಿಕ್ಕಪ್ಪನ ವಂಶ ಸ್ಕಾಟ್‌ಲೆಂಡಿನಲ್ಲಿ ಉಳಿದಿದೆಯೇ?

ಮರುವಾರದಿಂದಲೇ ಮೆಟ್ರೊ ಹತ್ತಿ ರಾಜಧಾನಿ ಡಿಸಿಯ ದೊಡ್ಡ ಲೈಬ್ರರಿಗೆ ಹೋಗತೊಡಗಿದೆ. ಅಲ್ಲಿ ಬ್ರಿಟನ್ನಿನ ಪ್ರತಿ ಪ್ರದೇಶದ ಟೆಲಿಫೋನ್ ಡೈರೆಕ್ಟರಿಯೂ ಇತ್ತು. ಆ ಹೆಸರು ಎಲ್ಲೆಲ್ಲಿ ಸಿಕ್ಕಿತೋ ಆ ಊರಿಗೆ ಒಂದು ಗುರುತು. ಊರಿನಿಂದ ತಂದಿದ್ದ ಡ್ರಾಯಿಂಗ್ ಪೆನ್ನುಗಳು ಒಣಗಿ ಕಟ್ಟಿಕೊಂಡಿದ್ದವು. ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆ. ಊಟದ ಟೇಬಲ್ ಪೂರ್ತಿ ಬ್ರಿಟನ್ ಆಯಿತು. ನಾವು ನೆಲದ ಮೇಲೆ ಕೂತು ಉಣ್ಣತೊಡಗಿದೆವು.

"ಬಾಜೂಮನಿ ಅಜ್ಜಿ ಭಾರೀ ಕೆಲಸಾ ಹಚ್ಯಾಳ ನೋಡು ನಿನಗ," ಎಂದರು ನನ್ನ ಗಂಡ, ತಾಟು ಹಿಡಿದು ಕೆಳಗೆ ಕೂರುತ್ತ.

"ನಿಮಗ ತ್ರಾಸ ಆಗಾಕತ್ತೇತೇನ್ರೀ?"

"ನನಗೇನ್ ತ್ರಾಸ? ಇಲ್ಲಿಗೆ ಬಂದಾಗಿಂದ ನೀ ಹಾಡು ಗುನುಗಿದ್ದ ಕೇಳಿರಲಿಲ್ಲ. ಇವತ್ತ ಕೇಳಿದೆ."

ನಾನು ಗುನುಗಿದ್ದು ನನಗೇ ಗೊತ್ತಿರಲಿಲ್ಲ.

ಚುಕ್ಕಿ ಇಡುತ್ತ ಹೋದಂತೆ ಹೆಸರು ತಾನಾಗಿ ಗುಂಪುಗೂಡಿತು. ವೇಲ್ಸ್‌ನ ಗಣಿ ಕಣಿವೆಗಳಲ್ಲಿ ಎಳ್ಳು ಚೆಲ್ಲಿದ ಹಾಗೆ ಚುಕ್ಕಿಗಳು. ಲಂಡನ್ನಿನಲ್ಲಿ ಅಲ್ಲಲ್ಲಿ. ಇಂಗ್ಲೆಂಡಿನ ನಡುವೆ, ಇಟ್ಟಿಗೆ ಭಟ್ಟಿಗಳಿದ್ದ ಬೆಡ್‌ಫರ್ಡ್ ಎಂಬ ಊರಿನಲ್ಲಿ ಒಂದು ಗುಂಪು. ಸ್ಕಾಟ್‌ಲೆಂಡಿನ ಗ್ಲಾಸ್ಗೋ ಸುತ್ತ ಇನ್ನೊಂದು ದೊಡ್ಡ ಗುಂಪು. ನೋಡಿದ ಕೂಡಲೇ ಅಜ್ಜಿ ಚಪ್ಪಾಳೆ ತಟ್ಟಿದರು.

"ಇವರೇ! ಚಿಕ್ಕಪ್ಪನ ಮಕ್ಕಳು ಮೊಮ್ಮಕ್ಕಳು. ನೋಡು, ಎಷ್ಟು ಜನ ಆಗಿದ್ದಾರೆ!"

ಮಾರನೆಯ ಬೆಳಿಗ್ಗೆ ಅವರ ಅಡುಗೆಮನೆಯಿಂದ ಗ್ಲಾಸ್ಗೋಗೆ ಫೋನ್ ಮಾಡಿದೆವು. ನನಗೂ ಕೇಳಲೆಂದು ಸ್ಪೀಕರ್ ಹಾಕಿದ್ದರು. ಅತ್ತ ಎತ್ತಿದವನು ಮೀನು ಕರಿದು ಮಾರುವ ಅಂಗಡಿಯವ. ಎಣ್ಣೆ ಚುರ್ ಎನ್ನುವುದು ನಮಗೂ ಕೇಳುತ್ತಿತ್ತು. ಅಜ್ಜಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ.

"ಇಲ್ಲಮ್ಮ, ನಮ್ಮದು ಟಸ್ಕನಿ ಕಡೆ. ನಮ್ಮ ಮುತ್ತಜ್ಜ ಸುಣ್ಣದ ಗೊಂಬೆ ಮಾರ್ಕೊಂಡು ಕಾಲ್ನಡಿಗೇಲಿ ಬಂದವನು. ಇಲ್ಲಿ ಈ ಹೆಸರಿನವರೆಲ್ಲ ಅದೇ ಊರಿನವರೇ. ನಿಮ್ಮ ಊರನ್ನ ನಾನು ಕೇಳೇ ಇಲ್ಲ."

ಅಜ್ಜಿ ಫೋನ್ ಇಟ್ಟರು. ಸ್ವಲ್ಪ ಹೊತ್ತು ಟೇಬಲ್ ಒರೆಸಿದರು. ಅದು ಮೊದಲೇ ಸ್ವಚ್ಛವಾಗಿತ್ತು.

"ಒಂದೇ ಹೆಸರು. ಒಂದೇ ರಕ್ತ ಅಲ್ಲ ಅಂದರೆ ಹೇಗೆ?" ಎಂದು ನನ್ನ ಮೇಲೇ ಸಿಟ್ಟಾದರು.

ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ನಾನು ಬಡಿಗೇರ ಮನೆತನದ ಮಗಳು. ನಮ್ಮ ಕಡೆ ಬಡಿಗೇರ, ಕಮ್ಮಾರ, ಪತ್ತಾರ, ಕುಂಬಾರ ಇಲ್ಲದ ಊರಿಲ್ಲ. ಗದಗಿನ ಬಡಿಗೇರ ಬಾದಾಮಿಯ ಬಡಿಗೇರನನ್ನು ಕಂಡರೆ ಮೊದಲು "ಯಾವ ಊರಾವ್ರು? ಯಾರ ಪೈಕಿ?" ಎಂದು ಕೇಳುತ್ತಾನೆಯೇ ಹೊರತು ನೀನು ನಮ್ಮ ದಾಯಾದಿ ಎಂದು ತಬ್ಬಿಕೊಳ್ಳುವುದಿಲ್ಲ. ಇದನ್ನು ಅಜ್ಜಿಗೆ ಬಿಡಿಸಿ ಹೇಳಿದೆ. "ನಿಮ್ಮದು ಕಸುಬಿನ ಹೆಸರು. ಎಲ್ಲಿ ಕುಲುಮೆ ಇತ್ತೋ ಅಲ್ಲಿ ಈ ಹೆಸರು ಹುಟ್ಟಿದೆ. ಗ್ಲಾಸ್ಗೋದವರು ಒಂದು ಊರಿನ ಕಮ್ಮಾರರು, ನೀವು ಇನ್ನೊಂದು ಊರಿನವರು. ಲೈಬ್ರರಿಯಲ್ಲಿ ಓದಿದೆ, ಈ ಇಟ್ಟಿಗೆ ಊರಿನವರು ಯುದ್ಧ ಮುಗಿದ ಮೇಲೆ ದಕ್ಷಿಣ ಇಟಲಿಯಿಂದ ಕೆಲಸಕ್ಕೆ ಬಂದವರು. ಅವರು ಮೂರನೆಯವರು."

"ಇದನ್ನ ನನಗೆ ಇಂಡಿಯಾದವಳು ಬಂದು ಹೇಳಬೇಕಾಯ್ತು!" ಎಂದು ಅಜ್ಜಿ ನಕ್ಕರು. ನಕ್ಕರೂ ಕಣ್ಣಿನಲ್ಲಿ ನಗುವಿರಲಿಲ್ಲ. ಚಿಕ್ಕಪ್ಪ ಆ ಹಡಗಿನ ಜೊತೆಗೇ ಮುಳುಗಿದನೆಂದು ಅವರು ಮನಸ್ಸಿನಲ್ಲಿ ತೀರ್ಮಾನಿಸಿದ್ದು ನನಗೆ ತಿಳಿಯಿತು.

ನನಗೆ ಮಾತ್ರ ಆ ನಕ್ಷೆಯ ಮೇಲೆ ಒಂದು ಚುಕ್ಕಿ ಕಾಡುತ್ತಿತ್ತು. ಸ್ಕಾಟ್‌ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಮೀನುಗಾರರ ಒಂದು ಸಣ್ಣ ಊರಿನಲ್ಲಿ ಆ ಹೆಸರು ಒಂದೇ ಒಂದು ಕಡೆ ಇತ್ತು. ಗ್ಲಾಸ್ಗೋದವರು ಎಲ್ಲೇ ಹೋದರೂ ಪಶ್ಚಿಮ ತೀರ ಹಿಡಿದೇ ಹರಡಿದ್ದರು. ಅವರಿಗೂ ಇದಕ್ಕೂ ನಡುವೆ ಖಾಲಿ ಜಾಗ. ಧಾರವಾಡದಲ್ಲಿ ನಮಗೆ ನಕ್ಷೆ ಕಲಿಸಿದ ಸರ್, ಗುಂಪಿನಿಂದ ದೂರ ಬಿದ್ದ ಚುಕ್ಕಿ ಕಂಡರೆ ಅದು ಯಾಕೆ ಅಲ್ಲಿದೆ ಎಂದು ವಿಚಾರಿಸದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಕಬ್ಬಿನ ನಕ್ಷೆಯಲ್ಲಿ ಅಂಥ ಒಂದು ಚುಕ್ಕಿಗಾಗಿ ಬಸ್ಸು ಹಿಡಿದು ಹಳ್ಳಿಗೇ ಹೋಗಿ ಬಂದಿದ್ದೆ.

ಅಜ್ಜಿಗೆ ಇನ್ನೊಂದು ಫೋನ್ ಮಾಡಲು ಮನಸ್ಸಿರಲಿಲ್ಲ. "ಇನ್ನೊಬ್ಬ ಅಪರಿಚಿತನ ಹತ್ರ ಯಾಕೆ ಇಲ್ಲ ಅನ್ನಿಸಿಕೊಳ್ಳೋದು? ಬಿಡು," ಎಂದರು. ನಾನು ಬಿಡಲಿಲ್ಲ. ನಾನೇ ನಂಬರ್ ಒತ್ತಿದೆ. ಅತ್ತ ಒಬ್ಬ ವಯಸ್ಸಾದ ಹೆಂಗಸಿನ ದನಿ. ನಾನು ಯಾರು, ಯಾಕೆ ಕರೆ ಮಾಡಿದ್ದೇನೆ ಎಂದು ಹೇಳಿ, ಅಜ್ಜಿಯ ಅಪ್ಪನ ಊರಿನ ಹೆಸರು ಹೇಳಿದೆ.

ಅತ್ತ ಕುರ್ಚಿ ಎಳೆದ ಸದ್ದು ಕೇಳಿತು.

"ಅದು ನಮ್ಮಪ್ಪನ ಊರು," ಎಂದಿತು ಆ ದನಿ. "ಅವರಿಗೆ ಅಣ್ಣ ಒಬ್ಬನಿದ್ದ, ವೇಲ್ಸ್‌ನಲ್ಲಿ. ನಮ್ಮ ಮನೆಯಲ್ಲಿ ಅವನ ಹೆಸರು ಎತ್ತೋ ಹಾಗಿರಲಿಲ್ಲ."

ಅಜ್ಜಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಸ್ಪೀಕರ್ ಇದ್ದದ್ದೂ ಮರೆತು ಅದನ್ನು ಕಿವಿಗೆ ಒತ್ತಿ ಹಿಡಿದು, "ಅವನು ಹಡಗಿನಲ್ಲಿ ಇರಲಿಲ್ವಾ? ಹಡಗಿನಲ್ಲಿ ಇರಲಿಲ್ವಾ?" ಎಂದು ಮತ್ತೆ ಮತ್ತೆ ಕೇಳಿದರು.

ಇರಲಿಲ್ಲ. ಯುದ್ಧಕ್ಕೆ ಬಹಳ ಮೊದಲೇ ಆ ಊರಿನ ಮೀನುಗಾರನೊಬ್ಬನ ಮಗಳನ್ನು ಮದುವೆಯಾಗಿ, ಬ್ರಿಟಿಷ್ ಪ್ರಜೆಯಾಗಿ, ಹಾಗಾಗಿ ಪೊಲೀಸರ ಕೈಗೆ ಸಿಗದೆ, ದೋಣಿಗಳು ನಿಲ್ಲುವ ದಕ್ಕೆಯ ಹತ್ತಿರ ಐಸ್‌ಕ್ರೀಮ್ ಅಂಗಡಿ ಇಟ್ಟು, ಮುದುಕನಾಗಿ ಹಾಸಿಗೆಯ ಮೇಲೇ ತೀರಿಕೊಂಡಿದ್ದ. ಒಬ್ಬಳೇ ಮಗಳು, ಮದುವೆಯಾಗದೆ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತಳಾಗಿದ್ದಳು. ಹಾಗಾಗಿಯೇ ಆ ಹೆಸರು ಅಲ್ಲಿ ಉಳಿದಿತ್ತು. ನಾನು ಮೆಲ್ಲಗೆ ಎದ್ದು ಮನೆಗೆ ಬಂದೆ. ಮಧ್ಯಾಹ್ನ ತೋಟಕ್ಕೆ ಹೋದಾಗ ಅವರ ಅಡುಗೆಮನೆಯ ಕಿಟಕಿಯಿಂದ ಇನ್ನೂ ಮಾತು ಕೇಳಿಬರುತ್ತಿತ್ತು.

ಬೇಸಿಗೆ ಬಂತು. ನಾವೂ ಬರಲೇಬೇಕೆಂದು ಅಜ್ಜಿ ಹಟ ಹಿಡಿದರು. ಅವರು ಮೊದಲೇ ಮಗನ ಮನೆಗೆ ಹೋಗಿದ್ದರು. ನಕ್ಷೆಯನ್ನು ಸುರುಳಿ ಸುತ್ತಿ ಹಿಂದಿನ ಸೀಟಿನಲ್ಲಿ ಅಡ್ಡ ಇಟ್ಟುಕೊಂಡು ನಾವು ಮಗನ ಊರಾದ ಷಾರ್ಲಟ್‌ವರೆಗೆ ಡ್ರೈವ್ ಮಾಡಿದೆವು. ಚರ್ಚಿನ ಹಾಲ್‌ನಲ್ಲಿ ಕೂಟ. ಹೊರಗೆ ಹಂದಿ ಮಾಂಸ ಸುಡುತ್ತಿದ್ದರು. ಮಾಂಸ ತಿನ್ನದ ನಮಗಾಗಿ ಒಂದು ಮೂಲೆಯಲ್ಲಿ ಜೋಳದ ತೆನೆ, ಬೀನ್ಸ್, ಪೀಚ್ ಹಣ್ಣಿನ ಸಿಹಿ ಬೇರೆ ಇಟ್ಟಿದ್ದರು. ವೇಲ್ಸ್‌ನವರು ಸೆಕೆಗೆ ಕೆಂಪಗಾಗಿ ಪೇಪರ್ ಪ್ಲೇಟಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಸ್ಕಾಟ್‌ಲೆಂಡಿನಿಂದ ಬಂದಾಕೆ ಮಾತ್ರ ಆ ಸೆಕೆಯಲ್ಲೂ ಮಳೆಕೋಟನ್ನು ಮಡಚಿ ತೋಳಿನ ಮೇಲೇ ಇಟ್ಟುಕೊಂಡಿದ್ದರು. ತೆಳ್ಳಗೆ, ನೆಟ್ಟಗೆ, ಎಲ್ಲರ ಉಚ್ಚಾರವನ್ನೂ ತಿದ್ದುವಂತೆ ನೋಡುವ ಹೆಂಗಸು. ಅಜ್ಜಿಯ ಮೂಗೇ ಅವರಿಗೂ.

ನಕ್ಷೆಯನ್ನು ಗೋಡೆಗೆ ಹಾಕಿದ ಮೇಲೆ ಜನ ಮುತ್ತಿಕೊಂಡರು. ತಮ್ಮತಮ್ಮ ಕಣಿವೆ ಹುಡುಕಿ ಬೆರಳಿಟ್ಟರು. ಸ್ಕಾಟ್‌ಲೆಂಡಿನಾಕೆ ಎಲ್ಲರೂ ಸರಿಯುವವರೆಗೆ ಕಾದು, ಹತ್ತಿರ ಬಂದು, ಉತ್ತರದ ಆ ಒಂಟಿ ಚುಕ್ಕಿ ತೋರಿಸಿ ನನ್ನನ್ನು ಕೇಳಿದರು:

"ಇದು ನಾನೇನಾ?"

"ಹೌದು ಮೇಡಂ, ನೀವೇ."

ಅವರು ಒಮ್ಮೆ ತಲೆಯಾಡಿಸಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಕೈ ಹಿಡಿದುಕೊಂಡರು.

ಮಗ ಮೈಕ್ ಕೊಟ್ಟಾಗ ಅಜ್ಜಿ ಹೆಚ್ಚು ಮಾತಾಡಲಿಲ್ಲ. "ಈ ನಕ್ಷೆಯ ಬಗ್ಗೆ ಅದನ್ನು ಬರೆದವಳೇ ಹೇಳಲಿ. ಇವಳು ನನ್ನ ಪಕ್ಕದ ಮನೆಯವಳು. ಭೂಗೋಳಶಾಸ್ತ್ರಜ್ಞೆ," ಎಂದರು. ಅಮೆರಿಕಕ್ಕೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಎದ್ದು ನಿಂತು ಸೀರೆಯ ಸೆರಗು ಸರಿಪಡಿಸಿಕೊಂಡೆ. ಮೊದಲ ಎರಡು ವಾಕ್ಯ ತಡವರಿಸಿದವು. ಆಮೇಲೆ ಕೋಲು ಹಿಡಿದು, ಗುಡ್ಡದ ಊರಿನಿಂದ ಕಣಿವೆಗೆ, ಟಸ್ಕನಿಯಿಂದ ಗ್ಲಾಸ್ಗೋಗೆ, ದಕ್ಷಿಣದಿಂದ ಇಟ್ಟಿಗೆ ಭಟ್ಟಿಗಳಿಗೆ ಒಂದೇ ಹೆಸರು ಮೂರು ದಾರಿಯಲ್ಲಿ ಬಂದ ಕತೆ ಹೇಳಿದೆ. ಮಕ್ಕಳು ಕೂಡ ಗಲಾಟೆ ನಿಲ್ಲಿಸಿದ್ದರು. ಹಿಂದಿನ ಸಾಲಿನಲ್ಲಿ ನನ್ನ ಗಂಡ ಕೈಕಟ್ಟಿ ನಿಂತಿದ್ದರು. ಅವರ ಮುಖ ಅರಳಿತ್ತು.

ವಾಪಸ್ ಬರುವ ದಾರಿಯಲ್ಲಿ ವರ್ಜೀನಿಯಾ ಬಂತು. ನನ್ನ ಗಂಡ, "ನಿನಗ ನಕ್ಷೆ ಕಲಿಸಿದ ಸರ್ ಇವತ್ತ ಇಲ್ಲಿ ಇರಬೇಕಿತ್ತ ನೋಡು," ಎಂದರು. ಕಿಟಕಿಯ ಆಚೆ ಪೈನ್ ಮರಗಳನ್ನು ನೋಡುತ್ತ ಕೂತೆ.

ದಶಕ ಮುಗಿಯುವ ಹೊತ್ತಿಗೆ ನಮಗೆ ಗ್ರೀನ್ ಕಾರ್ಡ್ ಬಂತು. ಒಂದು ಯೋಜನಾ ಕಚೇರಿಯ ನಕ್ಷೆ ವಿಭಾಗದಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದೆ. ಸಂದರ್ಶನದಲ್ಲಿ, ಇಲ್ಲಿಗೆ ಬಂದ ಮೇಲೆ ಏನು ಮಾಡಿದ್ದೀರಿ ಎಂದು ಕೇಳಿದರು. ಈ ಸಲ ಮಾತು ತಿರುಗಿಸಲಿಲ್ಲ. ಬ್ರಿಟನ್ನಿನಲ್ಲಿ ಒಂದು ಇಟಾಲಿಯನ್ ಹೆಸರು ಹೇಗೆ ಹರಡಿತು ಎಂದು ಹೇಳತೊಡಗಿದೆ. ಅವರು ಗಡಿಯಾರ ನೋಡುವುದನ್ನು ಮರೆತರು. ಕೆಲಸ ಸಿಕ್ಕಿತು. ಜೋರು ಮಳೆಗೆ ನೆರೆ ಏರುವ ಹಳ್ಳಗಳ ನಕ್ಷೆ ಬರೆಯುವುದು ನನ್ನ ಮೊದಲ ಕೆಲಸ.

ಸ್ಕಾಟ್‌ಲೆಂಡಿನಾಕೆ ಪ್ರತಿ ಶರತ್ಕಾಲದಲ್ಲಿ ಅಜ್ಜಿಯ ಮನೆಗೆ ಬಂದು ಎಲೆಗಳೆಲ್ಲ ಉದುರುವವರೆಗೆ ಇರುತ್ತಿದ್ದರು. ಇಬ್ಬರೂ ಮನೆಯ ಹಿಂದಿನ ಡೆಕ್ ಎಂಬ ಮರದ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ಆ ಜಗಳದಲ್ಲಿ ಯಾರ ಅಪ್ಪನದು ತಪ್ಪು ಎಂದು ವಾದಿಸುತ್ತಿದ್ದರು. ವಾದ ಜೋರಾದಾಗ ಅಜ್ಜಿ ಬೇಲಿಯಾಚೆಯಿಂದ ನನ್ನನ್ನು ಕೂಗಿ ಕರೆಯುತ್ತಿದ್ದರು. ತೀರ್ಪು ಕೊಡಲು ನಾನು ಯಾವತ್ತೂ ಒಪ್ಪಲಿಲ್ಲ. ಚಹಾ ಮಾತ್ರ ಮಾಡಿಕೊಂಡು ಹೋಗುತ್ತಿದ್ದೆ.