ತಲೆ ಎತ್ತಬಾರದ ಆಟ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಬಸ್ಸು ಹತ್ತಿ ಹರಿಹರದ ಸೋದರಮಾವನ ಮನೆ ಸೇರಿಬಿಡುತ್ತಿದ್ದೆ. ಮನೆಯ ಮೇಲೆಯೇ ಮಾವನ ಸ್ನೂಕರ್ ಹಾಲ್. ಒಂದೇ ಟೇಬಲ್ಲು, ಅದರ ಮೇಲೆ ತೂಗುವ ದೀಪ, ಚಾಕ್ ಪುಡಿಯ ಜೊತೆ ಬೆರೆತ ಮಾವನ ಕೊಬ್ಬರಿ ಎಣ್ಣೆಯ ವಾಸನೆ. ಆದರೆ ನಾನು ಆಟ ಕಲಿತ ಬೇಸಿಗೆಯಲ್ಲಿ ಮಾವ ಇರಲಿಲ್ಲ. ಯುಗಾದಿಗೆ ಮುಂಚೆಯೇ ತೀರಿಕೊಂಡಿದ್ದರು. ಹಾಲ್‌ಗೆ ಬೀಗ ಬಿದ್ದಿತ್ತು, ಟೇಬಲ್ ಮಾರಿಯಾಗಿತ್ತು. ರಜೆ ಮುಗಿಯುವುದರೊಳಗೆ ಬಂದು ಒಯ್ಯುವವರಿದ್ದರು.

ಕಲಿಸಿದ್ದು ಅತ್ತೆ. ಸ್ಟಿಕ್ ಮುಟ್ಟಿದವಳೇ ಅಲ್ಲ, ಕೌಂಟರಿನಲ್ಲಿ ಕೂತು ನೋಡಿ ನೋಡಿಯೇ ಎಲ್ಲ ತಿಳಿದುಕೊಂಡಿದ್ದಳು. ಮಧ್ಯಾಹ್ನ ಮಂಡಕ್ಕಿ ತಿಂದು, ಬೀಗ ತೆಗೆದು ಮೇಲೆ ಹೋಗುತ್ತಿದ್ದೆವು.

"ಎಡಗೈ ಟೇಬಲ್ ಮೇಲೆ ಊರು. ಹೆಬ್ಬೆರಳು ಎತ್ತಿ ಅದ್ರ ಸಂದಿಯಾಗ ಸ್ಟಿಕ್ ಇಡು. ಗದ್ದ ಸ್ಟಿಕ್ಕಿಗೆ ತಾಗಬೇಕು. ಮೊದ್ಲು ಕೆಂಪು, ಆಮೇಲೆ ಬಣ್ಣದ್ದು. ಹೊಡೆದ ಮೇಲೆ ಬಾಲ್ ನಿಲ್ಲೋತನಕ ತಲೆ ಎತ್ತಬ್ಯಾಡ."

"ಯಾಕ?"

"ಗುರಿ ತಪ್ತೈತೆ."

ಒಂದು ದಿನ ಬಾಗಿ ಗುರಿ ಹಿಡಿದಿದ್ದೆ. ಅತ್ತೆ ಟೇಬಲ್ಲಿನ ಆಚೆ, ನನ್ನೆದುರಿಗೇ ನಿಂತಿದ್ದಳು. ಹಿಂದಿನಿಂದ ಯಾರೋ ನನ್ನ ಬಲ ಮೊಣಕೈಯನ್ನು ಮೆಲ್ಲಗೆ ಎತ್ತಿ ಸರಿಮಾಡಿದರು. ಎಣ್ಣೆಯ ವಾಸನೆ ತೀರ ಹತ್ತಿರ ಬಂತು. ಹೊಡೆದೆ. ಕೆಂಪು ಬಾಲ್ ಪಾಕೆಟ್ಟಿಗೆ ಬಿತ್ತು. ಹೆದರಿ ತಿರುಗಿ ನೋಡಿದರೆ ಗೋಡೆ, ಮುಚ್ಚಿದ ಕಿಟಕಿ, ಅಷ್ಟೇ.

"ನಿಮ್ಮ ಮಾವ ಬಂದಿದ್ರೇನು?" ಎಂದಳು ಅತ್ತೆ. ಅವಳಿಗೆ ಹೆದರಿಕೆ ಇರಲಿಲ್ಲ, ಆಸೆಯಿತ್ತು. "ಹೊಸಬ್ರ ಮೊಣಕೈ ಅವ್ರು ಹಂಗೇ ಎತ್ತಿ ಸರಿಮಾಡ್ತಿದ್ರು. ನನ್ನ ಹತ್ರ ಒಂದ್ಸಲನೂ ಬಂದಿಲ್ಲ, ಪುಟ್ಟಿ."

ನನಗೇಕೆ ಆಟ ಕಲಿಸುತ್ತಿದ್ದಾಳೆಂದು ಆಗ ತಿಳಿಯಿತು.

ಟೇಬಲ್ ಒಯ್ಯುವ ದಿನ ಕೆಳಗೆ ಲಾರಿ ಬಂದು ನಿಂತಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಕೈಯ ಸ್ಟಿಕ್ ತೆಗೆದುಕೊಂಡಳು. ಮೊದಲ ಸಲ ಬಾಗಿದಳು. ಮೊಣಕೈ ಸೊಟ್ಟಗೆ ಜೋತಿತ್ತು. ಎದುರಿಗೆ ನಿಂತ ನನಗೆ ಅವಳ ಹಿಂದೆ ಯಾರೂ ಕಾಣಲಿಲ್ಲ. ಆದರೂ ಆ ಮೊಣಕೈ ನಿಧಾನವಾಗಿ ಮೇಲೆದ್ದು ನೆಟ್ಟಗಾಯಿತು. ಹೊಡೆದಳು. ಬಾಲ್‌ಗಳೆಲ್ಲ ನಿಂತವು. ಅತ್ತೆ ಮಾತ್ರ ತಲೆ ಎತ್ತಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. "ಅತ್ತೆ, ಲಾರಿಯವ್ರು ಬಂದ್ರು," ಎಂದೆ.

"ಒಂದ್ ಗಳಿಗೆ ನಿಲ್ರಿ ಅನ್ನು," ಎಂದಳು ಬಾಗಿದಲ್ಲಿಂದಲೇ. "ನಾ ಎದ್ರೆ ನಿಮ್ಮ ಮಾವ ಹೋಗಿಬಿಡ್ತಾರೆ."

ಈಗ ಅತ್ತೆಯೂ ಇಲ್ಲ. ದಾವಣಗೆರೆಯಲ್ಲೇ ಏಸಿ ಹಾಕಿದ ಹಾಲ್‌ಗಳಿವೆ, ಬಿಡುವಾದಾಗ ಹೋಗಿ ಆಡುತ್ತೇನೆ. ಆಟ ಚೆನ್ನಾಗಿಯೇ ಬರುತ್ತದೆ. ಆಗ ಬಾಗಿದರೆ ಬೆನ್ನ ಹಿಂದೆ ಯಾರಿದ್ದಾರೋ ಎಂದು ಹೆದರುತ್ತಿದ್ದೆ. ಈಗ ಎಷ್ಟು ಹೊತ್ತು ಬಾಗಿದ್ದರೂ ಹೆದರಿಕೆಯೇ ಆಗುವುದಿಲ್ಲ. ಸಂಕಟವಾಗುವುದು ಅದಕ್ಕೇ.