ಎರಡನೆಯ ಸಲ ಕೇಳದ ಫಾರ್ಮು

ರೋಣದ ಹೈಸ್ಕೂಲಿನಲ್ಲಿ ನಾನು ಹತ್ತನೆಯ ತರಗತಿಯಲ್ಲಿದ್ದಾಗ ಗಣಿತದ ಸರ್ ಒಂದು ಫಾರ್ಮು ಹಂಚಿದರು. ಸ್ಪರ್ಧೆಯೊಂದಕ್ಕಾಗಿ ಭಾನುವಾರ ವಿಶೇಷ ಕ್ಲಾಸು ನಡೆಯಲಿತ್ತು. ಆರು ಜನರಿಗೆ ಮಾತ್ರ ಜಾಗ. ನನಗೆ ಆ ಜಾಗ ಬೇಕಿತ್ತು. ನಮ್ಮೂರು ಜಕ್ಕಲಿಯಿಂದ ಬರುವ ಬಸ್ಸಿನಲ್ಲಿ ದಿನಾ ಅದನ್ನೇ ಯೋಚಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಫಾರ್ಮಿನ ಮೊದಲ ಸಾಲು: ‘ಗಣಿತ ನನಗೆ ಚೆನ್ನಾಗಿ ಬರುತ್ತದೆ.’ ಪಕ್ಕದಲ್ಲಿ ಹೌದು, ಸ್ವಲ್ಪ, ಇಲ್ಲ. ನಾನು ‘ಇಲ್ಲ’ಕ್ಕೆ ಗುರುತು ಹಾಕಿದೆ. ತರಗತಿಯಲ್ಲಿ ನನ್ನದೇ ಹೆಚ್ಚು ಅಂಕ. ಆದರೆ ಮನೆಯಲ್ಲಿ ಯಾರಾದರೂ ರೊಟ್ಟಿ ಹೊಗಳಿದರೆ ಅವ್ವ, “ಎಲ್ಲಿ ಚಲೋ ಆಗ್ಯಾವ್ರಿ, ಸುಮ್ನ ಅಂತೀರಿ” ಎನ್ನುತ್ತಾಳೆ. ಉಣ್ಣಲು ಕುಳಿತವರು ಮೊದಲು ಸಾಕು ಎನ್ನುತ್ತಾರೆ. ಬಡಿಸುವವರು ಮತ್ತೆ ಕೇಳುತ್ತಾರೆ. ಫಾರ್ಮು ಮತ್ತೆ ಕೇಳುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಆರಿಸಿದ ಆರೂ ಜನ ಹುಡುಗರು. ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ.

“ಸರ, ಭಾನುವಾರದ ಕ್ಲಾಸಿಗೆ...”

“ನೀನ ‘ಇಲ್ಲ’ ಅಂತ ಗುರ್ತ ಹಾಕೀಯಲ್ಲವಾ.” ಸರ್ ಫಾರ್ಮು ತೆಗೆದು ತೋರಿಸಿದರು. “ಧೈರ್ಯ ಇಲ್ಲದಾಕಿನ್ನ ಹ್ಯಾಂಗ ಕಳಸ್ಲಿ?”

ಅವರ ಧ್ವನಿಯಲ್ಲಿ ಗದರಿಕೆ ಇರಲಿಲ್ಲ.

“ಹೌದ್ರಿ ಸರ,” ಎಂದು ತಿರುಗಿ ಬಂದೆ.

ಮುಂದೆ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುವಾಗ, ಹಲವು ದೇಶಗಳ ಹದಿಹರೆಯದವರ ಗಣಿತವನ್ನು ಹೋಲಿಸುವ ಕೋಷ್ಟಕಗಳನ್ನು ನೋಡಿದೆ. ಹುಡುಗ ಹುಡುಗಿಯರ ಅಂಕಗಳಲ್ಲಿ ಅಂತರ ಬಹಳ ಕಡೆ ಸಣ್ಣದು; ತಮ್ಮ ಮೇಲಿನ ನಂಬಿಕೆಯಲ್ಲಿ ದೊಡ್ಡದು, ಹುಡುಗಿಯರದೇ ಕಡಿಮೆ. ದೂರದ ಆ ಹುಡುಗಿಯರು ಏನೆಂದುಕೊಂಡು ಗುರುತು ಹಾಕಿದರೋ, ಅದು ಕೋಷ್ಟಕದಲ್ಲಿ ಇರಲಿಲ್ಲ. ಗ್ರಂಥಾಲಯದಲ್ಲಿ ಅದನ್ನು ಓದಿದಾಗ ಯಾರಿಗಾದರೂ ಹೇಳಬೇಕೆನಿಸಿತು.

ಹತ್ತನೆಯ ತರಗತಿಯ ಆ ವರ್ಷ ಪ್ರತಿ ಸೋಮವಾರ ಆರು ಜನರಲ್ಲೊಬ್ಬ ನನ್ನ ಬೆಂಚಿಗೆ ಬರುತ್ತಿದ್ದ.

“ಏ, ನಿನ್ನಿ ಸರ್ ಹೇಳಿದ್ದು ಒಂದೂ ತಲಿಗೆ ಹತ್ತಲಿಲ್ಲ. ಲಗೂನ ಹೇಳಿಕೊಡ.”

ಬಿಡಿಸಿ ತೋರಿಸುತ್ತಿದ್ದೆ.

“ಇಷ್ಟನ? ಭಾಳ ಸರಳ ಐತಿ ಬಿಡ!” ಎಂದು ಲೆಕ್ಕದ ವಹಿ ಮಡಚಿಕೊಂಡು ಹೋಗುತ್ತಿದ್ದ.

ಭಾನುವಾರದ ಕ್ಲಾಸಿನಿಂದ ನನಗೆ ಸಿಗುತ್ತಿದ್ದುದು ಅದೊಂದೇ ಲೆಕ್ಕ.

ಆ ಆರು ಜನರನ್ನು ಕರೆದುಕೊಂಡು ಸರ್ ಸ್ಪರ್ಧೆಗೆ ಗದಗಕ್ಕೆ ಹೋದ ದಿನ ಗಣಿತದ ಪಿರಿಯಡ್ ನಡೆಯಲಿಲ್ಲ. ಉಳಿದವರೆಲ್ಲ ಮೈದಾನಕ್ಕೆ ಹೋದರು. ನಾನು ಖಾಲಿ ಕೋಣೆಯಲ್ಲಿ ಕುಳಿತು ಹಿಂದಿನ ಸೋಮವಾರದ ಲೆಕ್ಕವನ್ನು ಬೇರೆ ದಾರಿಯಿಂದ ಬಿಡಿಸಿದೆ. ಉತ್ತರ ಸರಿ ಬಂತು. ಆ ದಾರಿ ಮೊದಲಿನದಕ್ಕಿಂತ ಚಿಕ್ಕದಿತ್ತು.